‘ಮೈಕ್’ ಎಂದರೆ ಕೈಯಲ್ಲಿ ಹಿಡಿಯುವುದೋ, ಕಂಬಕ್ಕೆ ಕಟ್ಟುವುದೋ?

ಹಾನಗಲ್ಲಿನ ಅಣ್ಣನವರೇ, ಭಜನಾ ಮೇಳಕ್ಕೆಂದು ಹುಬ್ಬಳ್ಳಿಯ ಅಂಗಡಿಯಲ್ಲಿ ‘ಒಂದು ಮೈಕ್ ಕೊಡಿ’ ಎಂದು ಕೇಳಿದ್ದಕ್ಕೆ ಕೈಯಲ್ಲಿ ಹಿಡಿದು ಹಾಡುವುದನ್ನಷ್ಟೇ ಕಟ್ಟಿಕೊಟ್ಟರು, ಕಂಬಕ್ಕೆ ಕಟ್ಟುವ ಹಾರ್ನ್ ಕೊಡಲೇ ಇಲ್ಲ ಎಂದು ಬರೆದಿದ್ದೀರಿ. ಗುಡಿಯ ಹಳೆಯ ಆಂಪ್ಲಿಫೈಯರಿನ (ಧ್ವನಿ ಹೆಚ್ಚಿಸುವ ಪೆಟ್ಟಿಗೆಯ) ಮೇಲಿರುವ ಎಂ, ಐ, ಸಿ ಅಕ್ಷರಗಳನ್ನು ‘ಮಿಕ್’ ಎಂದು ಓದಬೇಕೇ ಎಂದೂ ಕೇಳಿದ್ದೀರಿ.

ಅದನ್ನು ‘ಮೈಕ್’ ಎಂದೇ ಓದಬೇಕು. ಅದು ‘ಮೈಕ್ರೋಫೋನ್’ ಎಂಬುದರ ಮೊಟಕು ರೂಪ. ಗ್ರೀಕಿನಲ್ಲಿ ‘ಮಿಕ್ರೋಸ್’ ಎಂದರೆ ಸಣ್ಣದು, ‘ಫೋನೆ’ ಎಂದರೆ ಧ್ವನಿ. ಇಂಗ್ಲಿಷಿನಲ್ಲಿ ಉಚ್ಚಾರಕ್ಕೆ ಹೊಂದುವಂತೆ ಎಂ, ಐ, ಕೆ, ಇ ಎಂದು ಬರೆಯುವ ರೂಢಿಯೂ ಇದೆ, ಆದರೆ ಉಪಕರಣಗಳ ಮೇಲೆ ಸಾಮಾನ್ಯವಾಗಿ ಕಾಣುವುದು ‘ಸಿ’ಯಿಂದ ಮುಗಿಯುವ ರೂಪವೇ.

ಅಂಗಡಿಯಲ್ಲಾದ ತೊಡಕಿಗೆ ಕಾರಣ ನಮ್ಮ ಕಡೆಯ ಬಳಕೆ. ‘ಗುಡಿಯಾಗ ಮೈಕ್ ಹಚ್ಯಾರ’ ಎಂದಾಗ ಆಂಪ್ಲಿಫೈಯರ್, ಹಾರ್ನ್, ವೈರು ಎಲ್ಲವೂ ಆ ಒಂದು ಮಾತಿನಲ್ಲಿ ಅಡಗಿರುತ್ತವೆ. ಬಾಡಿಗೆಗೆ ತರುವವರೂ ‘ಮೈಕಿನವರು’. ಅಂಗಡಿಯವರ ಲೆಕ್ಕದಲ್ಲಿ ಮಾತ್ರ ಮೈಕ್ ಎಂದರೆ ಧ್ವನಿಯನ್ನು ವಿದ್ಯುತ್ತಾಗಿಸುವ ಸಾಧನ, ಹಾರ್ನ್ ಆ ವಿದ್ಯುತ್ತನ್ನು ಮರಳಿ ಧ್ವನಿಯಾಗಿಸುವಂಥದ್ದು. ಆದರೂ ನಮ್ಮವರ ಮಾತನ್ನು ತಪ್ಪೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ‘ಡೈನಾಮಿಕ್’ ಎಂಬ ಬಗೆಯ ಮೈಕಿನಲ್ಲೂ ಹಾರ್ನಿನಲ್ಲೂ ಇರುವುದು ಅದೇ ತೆಳು ಪೊರೆ, ಅದೇ ತಂತಿಯ ಸುರುಳಿ, ಅದೇ ಅಯಸ್ಕಾಂತ. ಕೆಲಸವಷ್ಟೇ ತಿರುವು ಮುರುವು.

ಆದ್ದರಿಂದ ಮುಂದಿನ ಸಲ ‘ಕೈಮೈಕ್ ಇದೆ, ಹಾರ್ನ್ ಬೇಕು’ ಎಂದು ಬಿಡಿಸಿ ಹೇಳಿ. ಹಾರ್ನ್ ಆಂಪ್ಲಿಫೈಯರಿಗೆ ಹೊಂದಬೇಕಾದ್ದರಿಂದ ಅದರ ಹಿಂಬದಿಯಲ್ಲಿರುವ ವ್ಯಾಟ್ ಮತ್ತು ಓಮ್ ಅಂಕಿಗಳನ್ನು ಬರೆದುಕೊಂಡೇ ಹೋಗಿ. ಈಗ ತಂದಿರುವ ಮೈಕ್ ಡೈನಾಮಿಕ್ ಆಗಿದ್ದರೆ ಅದನ್ನೇ ಇಟ್ಟುಕೊಳ್ಳಿ. ‘ಕಂಡೆನ್ಸರ್’ ಎಂಬ ಇನ್ನೊಂದು ಬಗೆಯದಾಗಿದ್ದರೆ ಸಾಮಾನ್ಯವಾಗಿ ಅದಕ್ಕೆ 48 ವೋಲ್ಟಿನ ವಿದ್ಯುತ್ ಪೂರೈಕೆ ಬೇಕಾಗುತ್ತದೆ, ಹಳೆಯ ಆಂಪ್ಲಿಫೈಯರುಗಳಲ್ಲಿ ಹೆಚ್ಚಾಗಿ ಆ ಸೌಕರ್ಯ ಇರುವುದಿಲ್ಲ. ವೈರಿನ ತುದಿಯ ಪಿನ್ನು ನಿಮ್ಮ ಆಂಪ್ಲಿಫೈಯರಿನ ತೂತಿಗೆ ಕೂಡುತ್ತದೆಯೇ ಎಂಬುದನ್ನೂ ನೋಡಿ.

ಹಾಡುವಾಗ ಹಾರ್ನ್ ಹಾಡುಗಾರರ ಮುಂದಕ್ಕಿದ್ದು ಜನರ ಕಡೆ ಮುಖ ಮಾಡಿರಬೇಕು. ಅದರ ಧ್ವನಿ ತಿರುಗಿ ಮೈಕಿಗೆ ಹೊಕ್ಕರೆ ‘ಕುಂಯ್’ ಎಂಬ ಕೂಗು ಎದ್ದು ತಾಳ, ಹಾರ್ಮೋನಿಯಂ ಯಾವುದೂ ಕೇಳಿಸದಂತಾಗುತ್ತದೆ. ಮೈಕಿನ ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿದರೂ ಆ ಕೂಗು ಹೆಚ್ಚುತ್ತದೆ. ಎಳೆಯ ಹುಡುಗರಿಗೆ ಇದನ್ನು ಮೊದಲೇ ತಿಳಿಸಿಡಿ.

ಇನ್ನೊಂದು ಮಾತು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಹಾರ್ನ್ ಹಚ್ಚಲು ಲಿಖಿತ ಅನುಮತಿ ಬೇಕು, ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯವಾಗಿ ನಿಷೇಧವಿದೆ. ಅರ್ಜಿಯಲ್ಲಿ ‘ಮೈಕ್’ ಎನ್ನದೆ ‘ಧ್ವನಿವರ್ಧಕ’ ಎಂದೇ ಬರೆಯಿರಿ.