ಹೈಸ್ಕೂಲ್ ಹುಡುಗರು ಏನು ಕೇಳಿದರೂ 'ಏನಿಲ್ಲ ಮಿಸ್' ಅಂತಾರೆ, ಏನು ಮಾಡಲಿ?

ಎಂಟು, ಒಂಬತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುವ ಹೊಸ ಶಿಕ್ಷಕಿ ನೀವು. ಹುಡುಗಿಯರು ಕಷ್ಟಸುಖ ಹೇಳಿಕೊಳ್ಳುತ್ತಾರೆ, ಹುಡುಗರು ಬಾಯೇ ಬಿಡುವುದಿಲ್ಲ ಎಂದು ಬರೆದಿದ್ದೀರಿ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಹುಡುಗರು ದಿನವಿಡೀ ನನ್ನ ಸುತ್ತಲೇ ಇರುತ್ತಾರೆ.

ಒಂದು ವಿಷಯ ಗಮನಿಸಿ ಮೇಡಂ. ಆಸ್ಪತ್ರೆಯ ಸಿಸ್ಟರ್ ಬಂದು ಮುಟ್ಟಿನ ಬಗ್ಗೆ ಮಾತಾಡುವ ದಿನ ಹುಡುಗಿಯರನ್ನು ಒಳಗೆ ಕೂರಿಸುತ್ತೇವೆ, ಹುಡುಗರಿಗೆ ಬಾಲ್ ಕೊಟ್ಟು ಮೈದಾನಕ್ಕೆ ಕಳಿಸುತ್ತೇವೆ. ಹುಡುಗಿಯರಿಗೆ ಹೇಳಲೇಬೇಕು, ಎರಡು ಮಾತಿಲ್ಲ. ಆದರೆ ಹುಡುಗರ ಮೈಯೂ ಇದೇ ವಯಸ್ಸಿನಲ್ಲಿ ಬದಲಾಗುತ್ತೆ ಅಲ್ವಾ? ಅವರಿಗೆ ಪಾಠ ಹೇಳುವುದು ಬಸ್‌ಸ್ಟ್ಯಾಂಡ್ ಗೋಡೆಯ 'ಗುಪ್ತರೋಗ' ಪೋಸ್ಟರ್, ಸೀನಿಯರ್‌ಗಳು, ಮೊಬೈಲು.

ನಮ್ಮ ಹುಡುಗನೊಬ್ಬ ಕಬಡ್ಡಿಯಲ್ಲಿ ಒಳ್ಳೆಯ ರೈಡರ್. ಒಂಬತ್ತಕ್ಕೆ ಬಂದಮೇಲೆ ಆಟಕ್ಕೇ ಬರುತ್ತಿರಲಿಲ್ಲ. ಬಿರುಬೇಸಿಗೆಯಲ್ಲೂ ಎರಡು ಬನಿಯನ್, ಅದರ ಮೇಲೆ ಶರ್ಟು. ಭುಜ ಬಗ್ಗಿಸಿಕೊಂಡೇ ಓಡಾಡುವನು. ಸ್ಟಾಫ್‌ರೂಮಿನಲ್ಲಿ ಅವನಿಗೆ ಸೋಮಾರಿ ಎಂಬ ಹೆಸರು ಬಿತ್ತು. ಒಂದು ಸಂಜೆ ಅಂಕಣಕ್ಕೆ ಸುಣ್ಣದ ಗೆರೆ ಹಾಕಲು ಅವನೊಬ್ಬನನ್ನೇ ಕರೆದೆ. ಅರ್ಧ ಗೆರೆ ಎಳೆದಮೇಲೆ, ತಲೆ ಎತ್ತದೆ ಕೇಳಿದ: "ಸರ್, ನಾನು ಹುಡುಗಿ ಆಗ್ತಿದ್ದೀನಾ?"

ಅವನ ಎದೆ ಸ್ವಲ್ಪ ಊದಿಕೊಂಡಿತ್ತು, ಮುಟ್ಟಿದರೆ ನೋವು. ಹರೆಯದ ಹಾರ್ಮೋನುಗಳ ಏರುಪೇರಿನಿಂದ ಸುಮಾರು ಅರ್ಧದಷ್ಟು ಹುಡುಗರಿಗೆ ಅಷ್ಟೋ ಇಷ್ಟೋ ಹೀಗಾಗುತ್ತೆ. ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ತಾನಾಗಿಯೇ ಇಳಿಯುತ್ತೆ. ಡಾಕ್ಟರಿಗೂ ತೋರಿಸಿದೆವು, ಅವರೂ ಇದನ್ನೇ ಹೇಳಿದರು. ಇಷ್ಟು ಗೊತ್ತಿಲ್ಲದೆ ಆ ಮಗು ತಿಂಗಳುಗಟ್ಟಲೆ ಒಳಗೊಳಗೇ ಬೆಂದಿತ್ತು. ನನಗೆ ಇವತ್ತಿಗೂ ಸಂಕಟವಾಗುತ್ತೆ.

ಗಂಟಲು ಒಡೆದ ಹುಡುಗ ಪ್ರಾರ್ಥನೆಯಲ್ಲಿ ನಾಡಗೀತೆ ಹಾಡುವುದನ್ನು ಬಿಡುತ್ತಾನೆ. ನಿದ್ದೆಯಲ್ಲಿ ವೀರ್ಯ ಹೋದವನು ತನ್ನ ಶಕ್ತಿಯೆಲ್ಲ ಸೋರಿಹೋಯಿತು ಎಂದು ಹೆದರುತ್ತಾನೆ. ಎರಡೂ ಸಹಜ. ಶಕ್ತಿ ಕುಂದುವುದೂ ಇಲ್ಲ, ಔಷಧಿಯೂ ಬೇಡ. ಎಂಟನೇ ತರಗತಿ ವಿಜ್ಞಾನದಲ್ಲಿ ಹದಿಹರೆಯದ ಪಾಠ ಇದೆ. ದಯವಿಟ್ಟು ಅದನ್ನು 'ಮನೇಲಿ ಓದ್ಕೊಳ್ಳಿ' ಅಂತ ಬಿಡಬೇಡಿ, ಬಿಡಿಸಿ ಹೇಳಿ.

ಹುಡುಗರು ನಿಮ್ಮ ಹತ್ತಿರ ನೇರವಾಗಿ ಕೇಳಲಾರರು. ಹೆಸರಿಲ್ಲದ ಚೀಟಿ ಬರೆಸಿ. ಎಲ್ಲರೂ ಬರೆಯಲೇಬೇಕು, ಪ್ರಶ್ನೆ ಇಲ್ಲದವನು ಇಷ್ಟದ ಕ್ರಿಕೆಟಿಗನ ಹೆಸರಾದರೂ ಬರೆಯಲಿ. ಇಲ್ಲದಿದ್ದರೆ ಪೆನ್ನು ಹಿಡಿದವನ ಕಡೆಗೇ ಎಲ್ಲರ ಕಣ್ಣು. ಯಾರ ಅಕ್ಷರ ಎಂದು ಪತ್ತೆ ಮಾಡಲು ಹೋಗಬೇಡಿ. ನಿಮಗೆ ಮುಜುಗರವಾಗುವ ಪ್ರಶ್ನೆಗಳನ್ನು ಪಿ.ಟಿ. ಮೇಷ್ಟ್ರಿಗೆ ಕೊಡಿ.

ಎಲ್ಲರೆದುರು ಹಂಗಿಸುವುದು ಮಾತ್ರ ನಿಲ್ಲಬೇಕು. ಹೇರ್‌ಸ್ಟೈಲ್ ಸರಿಯಿಲ್ಲ ಅಂತ ಅಸೆಂಬ್ಲಿಯಲ್ಲೇ ಕತ್ತರಿ ಹಾಕಿದರೆ ಆ ಹುಡುಗ ಮತ್ತೆ ಯಾವ ಶಿಕ್ಷಕರ ಹತ್ತಿರವೂ ಬರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆತದ ಜೊತೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ.

ಬಿಸಿಯೂಟ ಬಿಡುತ್ತಾನೆ, ಗೆಳೆಯರಿಂದ ದೂರ ಕೂರುತ್ತಾನೆ, ಕೈ ಮೇಲೆ ಕೊಯ್ದ ಗಾಯ ಇದೆ, ಬದುಕು ಸಾಕು ಅನ್ನುತ್ತಾನೆ ಎಂದರೆ ಅದು ಬೇರೆ ಮಾತು. ಆಗ 'ಯಾರಿಗೂ ಹೇಳಲ್ಲ' ಎಂದು ಭಾಷೆ ಕೊಡಬೇಡಿ. ಅವನನ್ನು ಒಂಟಿಯಾಗಿ ಬಿಡದೆ ಮನೆಯವರನ್ನು ಕರೆಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯಲ್ಲೇ ಹಿಂಸೆ ಇದೆ ಅನಿಸಿದರೆ ಮಕ್ಕಳ ಸಹಾಯವಾಣಿ 1098.

ಶಾಲೆಗೆ ಆರೋಗ್ಯ ತಪಾಸಣೆಗೆ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡ ಬರುತ್ತಲ್ಲ, ತಾರೀಕು ಗೊತ್ತಾದ ಕೂಡಲೇ ಹೆಡ್‌ಮಾಸ್ಟರ್ ಹತ್ತಿರ ಹೋಗಿ, ಆ ದಿನ ತಂಡದ ಡಾಕ್ಟರ್ ಹುಡುಗರ ಜೊತೆಗೂ ಒಂದು ಪಿರಿಯಡ್ ಮಾತಾಡಲಿ ಎಂದು ಕೇಳಿ.