ಯಾರ ಮೂಳೆ ಅಂತ ಅವರಿಗೆ ಗೊತ್ತಿತ್ತು

ಶಿರಸಿಯ ಓದುಗರೊಬ್ಬರ ಪತ್ರ: "ಮಗಳ ಮನೆಗೆಂದು ಕೆನಡಾಕ್ಕೆ ಹೋದಾಗ ಕ್ಯುಬೆಕ್ ನಗರದ ಪಕ್ಕದ ವೆಂಡಾಕೆ ನೋಡಿದೆ. ಹ್ಯೂರಾನ್ ಎಂಬ ಮೂಲನಿವಾಸಿ ಜನರ ಊರಂತೆ. ಆದರೆ ಎಲ್ಲರ ಬಾಯಲ್ಲೂ ಫ್ರೆಂಚ್. ಸ್ವಂತ ಭಾಷೆಯೇ ಹೋದ ಮೇಲೆ ಇವರನ್ನು ಬೇರೆ ಜನ ಅಂತ ಯಾಕೆ ಎಣಿಸಬೇಕು?"

ಸ್ವಾಮಿ, ಅಷ್ಟು ದೂರ ಹೋದವರು ಆ ಊರಿಗೂ ಕಾಲಿಟ್ಟಿರಲ್ಲ, ಸಂತೋಷವಾಯಿತು. ಭಾಷೆ ದೊಡ್ಡದು, ಕನ್ನಡ ಪತ್ರಿಕೆ ನಡೆಸುವ ನಾನು ಅದನ್ನು ಅಲ್ಲಗಳೆಯಲಾರೆ. ಆದರೆ ನೀವು ಸ್ವಲ್ಪ ಅವಸರ ಮಾಡಿದಿರಿ.

ಮೊದಲು ಹೆಸರು. 'ಹ್ಯೂರಾನ್' ಫ್ರೆಂಚರು ಅಂಟಿಸಿದ್ದು. ಒರಟ, ಗಮಾರ ಎಂಬ ಅರ್ಥ ಅದಕ್ಕಿತ್ತು. ಅವರದೇ ಪದ ವೆಂಡಾಟ್, ಇಂದಿನ ಅಧಿಕೃತ ಹೆಸರಿನಲ್ಲಿ ಎರಡೂ ಇವೆ. ಈಗಿನ ಕೆನಡಾದ ಒಂಟಾರಿಯೊದಲ್ಲಿರುವ ಜಾರ್ಜಿಯನ್ ಕೊಲ್ಲಿಯ ಬದಿ, ಉದ್ದುದ್ದ ಮನೆಗಳಲ್ಲಿ, ಮುಸುಕಿನ ಜೋಳ ಬೆಳೆದು, ತಾಯಿಯ ಕಡೆಯಿಂದ ಕುಲ ಎಣಿಸಿ ಬಾಳಿದವರು. 1630ರ ದಶಕದಲ್ಲಿ ಸಿಡುಬು ಮತ್ತಿತರ ರೋಗಗಳು ಅರ್ಧದಷ್ಟು ಜನರನ್ನು ತಿಂದವು. 1649ರಲ್ಲಿ ನೆರೆಯ ಮೂಲನಿವಾಸಿಗಳದೇ ಆದ ಇರೊಕ್ವಾ ಒಕ್ಕೂಟದ ದಾಳಿ. ಉಳಿದವರಲ್ಲಿ ಸುಮಾರು 300 ಮಂದಿ ಕ್ಯುಬೆಕ್ ಸೇರಿದರು. ಇನ್ನು ಕೆಲವರ ವಂಶ ಮಿಶಿಗನ್, ಕಾನ್ಸಾಸ್, ಒಕ್ಲಹೋಮಾದಲ್ಲಿದೆ.

ಊರು ಜಾಗ ಬದಲಿಸುವಾಗ ಇವರು ಸತ್ತವರನ್ನು ಬಿಟ್ಟು ಹೋಗುತ್ತಿರಲಿಲ್ಲ. ಮೂಳೆಗಳನ್ನು ಹೊರತೆಗೆದು, ಶುಚಿ ಮಾಡಿ, ತೊಗಲಲ್ಲಿ ಸುತ್ತಿ, ಸುತ್ತಲಿನ ಊರುಗಳವರದ್ದೆಲ್ಲ ಒಂದೇ ಗುಂಡಿಯಲ್ಲಿ ಬೆರೆಸಿ ಹೂಳುತ್ತಿದ್ದರು. 1636ರಲ್ಲಿ ಅವರ ಊರುಗಳಲ್ಲೊಂದಾದ ಒಸೊಸಾನೆಯಲ್ಲಿ ಹೀಗೆ ನಡೆದದ್ದನ್ನು ಜೆಸ್ಯೂಟ್ ಪಾದ್ರಿ ಬ್ರೆಬೋಫ್ ಕಂಡು ಬರೆದಿಟ್ಟರು. 1940ರ ದಶಕದಲ್ಲಿ ಆ ಗುಂಡಿ ಅಗೆದು ಮೂಳೆಗಳನ್ನು ಟೊರೊಂಟೊದ ಮ್ಯೂಸಿಯಂಗೆ ಒಯ್ದರು. 1999ರಲ್ಲಿ, ಚದುರಿ 350 ವರ್ಷವಾದ ಮೇಲೆ, ಕ್ಯುಬೆಕ್‌ನಿಂದಲೂ ಅಮೆರಿಕದಿಂದಲೂ ಬಂದ ಮೊಮ್ಮಕ್ಕಳ ಮೊಮ್ಮಕ್ಕಳು ಅವನ್ನು ಮತ್ತೆ ಅದೇ ಮಣ್ಣಿಗೆ ಇಟ್ಟರು. ಅವರೆಲ್ಲ ಫ್ರೆಂಚ್, ಇಂಗ್ಲಿಷ್ ಆಡುತ್ತಾ ಬೆಳೆದವರು. ಯಾರ ಮೂಳೆ ಅಂತ ಅವರಿಗೆ ಗೊತ್ತಿತ್ತು, ಅಲ್ವಾ?

ಭಾಷೆಯೂ ಮುಗಿದಿಲ್ಲ. 2007ರಲ್ಲಿ ಲಾವಾಲ್ ವಿಶ್ವವಿದ್ಯಾಲಯದ ಜೊತೆಗೂಡಿ ತಮ್ಮ ನುಡಿಗೆ ಮತ್ತೆ ಜೀವ ಕೊಡುವ 'ಯವೆಂಡಾ', ಅಂದರೆ ದನಿ, ಎಂಬ ಕೆಲಸ ಹಿಡಿದರು. ಮತ ಬದಲಿಸಲು ಬಂದ ಪಾದ್ರಿಗಳು ಬರೆದಿಟ್ಟ ನಿಘಂಟುಗಳೇ ಈಗ ಪಾಠಕ್ಕೆ ಆಧಾರ. ಪ, ಬ, ಮ ಇಲ್ಲದ ನುಡಿ ಅದು. ತುಟಿ ಸೇರಿಸದೆ 'ಅಪ್ಪ', 'ಅಮ್ಮ' ಅಂದು ನೋಡಿ, ಎಷ್ಟು ಬೇರೆಯ ಲೋಕ ಅಂತ ತಿಳಿಯುತ್ತದೆ.

ನನ್ನ ಸಿಟ್ಟು ನಿಮ್ಮೊಬ್ಬರ ಮೇಲಲ್ಲ. ನಮಗೆ ಬರುವ ಲೇಖನಗಳಲ್ಲಿ ಇವತ್ತಿಗೂ 'ರೆಡ್ ಇಂಡಿಯನ್ನರು ಇದ್ದರು' ಅಂತ ಇರುತ್ತದೆ. ನೂರಾರು ಬೇರೆ ಬೇರೆ ಜನ, ಎಲ್ಲರಿಗೂ ಒಂದೇ ಹೆಸರು, ಅದೂ ಭೂತಕಾಲದಲ್ಲಿ! ಪ್ರತಿ ಸಲ ಹೊಡೆದು ಹಾಕುತ್ತೇನೆ.

ನಿಮ್ಮ ಪತ್ರದ 'ಹ್ಯೂರಾನ್' ಹಾಗೇ ಅಚ್ಚಾಗಿದೆ. ಮುಂದಿನ ಸಲ ವೆಂಡಾಟ್ ಅಂತಲೇ ಬರೆಯಿರಿ, ಕಾಯುತ್ತೇನೆ.