ಕಿಟಕಿ ಬದಲಿಸುವ ಮುಂಚೆ ಸಂದಿ ಮುಚ್ಚಿ

ನಮಸ್ಕಾರ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಿಕ್ಟೋರಿಯಾ ಕಾಲದ ಬಾಡಿಗೆ ಮನೆ ಸಿಕ್ಕಿದೆ, ಹೀಟಿಂಗ್ ಹಾಕಿದರೂ ಕಿಟಕಿಯ ಹತ್ತಿರ ಮಗುವನ್ನು ಮಲಗಿಸಲು ಆಗುತ್ತಿಲ್ಲ, ಜೋಡಿ ಗಾಜು ಹಾಕಿಸಲು ಕೈಯಲ್ಲಿ ಹಣವಿಲ್ಲ ಎಂದು ಬರೆದಿದ್ದೀರಿ. ಜೋಡಿ ಗಾಜಿನ ಯೋಚನೆಯನ್ನು ಸದ್ಯಕ್ಕೆ ಬಿಡಿ. ಒಂಟಿ ಗಾಜಿಗಿಂತ ಹೆಚ್ಚಾಗಿ ನಿಮ್ಮನ್ನು ಕಾಡುತ್ತಿರುವುದು ಸಂದಿಯಲ್ಲಿ ನುಗ್ಗುವ ಗಾಳಿ.

ಜೋರು ಗಾಳಿಯ ದಿನ ಪರದೆ ಸರಿಸಿ, ಒಂದು ಊದುಬತ್ತಿ ಹಚ್ಚಿ ಕಿಟಕಿಯ ಅಂಚಿನುದ್ದಕ್ಕೂ ನಿಧಾನವಾಗಿ ಹಿಡಿಯುತ್ತಾ ಹೋಗಿ. ಹೊಗೆ ಅಡ್ಡಡ್ಡ ವಾಲಿದ ಕಡೆ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಮೇಲೆ ಕೆಳಗೆ ಸರಿಯುವ ಸ್ಯಾಶ್ ಕಿಟಕಿಯಾದರೆ ಎರಡು ಚೌಕಟ್ಟುಗಳು ನಡುವೆ ಕೂಡುವ ಜಾಗವನ್ನು ಮರೆಯದೆ ನೋಡಿ. ಅಲ್ಲಿನ ಚಿಲಕ ಬಿಗಿಮಾಡಿದರೆ ಎಷ್ಟೋ ಸಲ ಅರ್ಧ ಕೆಲಸ ಮುಗಿಯುತ್ತದೆ. ಉಳಿದ ಸಂದಿ ಮುಚ್ಚಲು ಅಂಟಿಸುವ ಪಟ್ಟಿ ಬೇಕು. ಸರಿದಾಡುವ ಬದಿಗಳಿಗೆ ಸ್ಪಂಜಿನ ಪಟ್ಟಿ ಬೇಡ, ಉಜ್ಜಿ ಕಿತ್ತುಬರುತ್ತದೆ. ಅಲ್ಲಿಗೆ ಬ್ರಷ್ ಪಟ್ಟಿಯೇ ಸರಿ. ಸ್ಪಂಜು ಕೆಳಗಿನ ಅಂಚಿಗೆ ಸಾಕು.

ಆಮೇಲೆ ಫಿಲ್ಮ್. ಚೌಕಟ್ಟನ್ನು ಒರೆಸಿ ಒಣಗಿಸಿ, ಸುತ್ತಲೂ ಎರಡು ಮುಖದ ಟೇಪ್ ಅಂಟಿಸಿ, ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಯಿಸಿ ಹೇರ್ ಡ್ರೈಯರ್ ಹಿಡಿಯಿರಿ. ಬೆಂಕಿಗೆ ಕಾಯಿಸಿದ ತಮಟೆಯ ಹಾಗೆ ಸುಕ್ಕೆಲ್ಲ ಹೋಗಿ ಬಿಗಿಯುತ್ತದೆ. ಗಾಜಿಗೂ ಹಾಳೆಗೂ ನಡುವೆ ನಿಂತ ಗಾಳಿಯೇ ಚಳಿಯನ್ನು ತಡೆಯುತ್ತದೆ. ತೆಗೆಯುವಾಗ ಬಣ್ಣ ಕಿತ್ತು ಬರಬಹುದು, ಆದ್ದರಿಂದ ಮಾಲೀಕರನ್ನು ಮೊದಲೇ ಕೇಳಿ.

ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಆಗಲೇ ದಪ್ಪ ಪರದೆ ಎಳೆದುಬಿಡಿ. ಆದರೆ ಪರದೆ ಕೋಣೆ ಬಿಸಿಮಾಡುವ ರೇಡಿಯೇಟರ್ ಮೇಲೆ ಇಳಿಬಿದ್ದರೆ ಅದರ ಶಾಖವೆಲ್ಲ ಗಾಜಿನ ಕಡೆಗೇ ಹೋಗುತ್ತದೆ. ಕಿಟಕಿಯ ಕಟ್ಟೆಯವರೆಗೆ ಬಂದರೆ ಸಾಕು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಮನೆಯನ್ನು ಪೂರ್ತಿ ಬಿಗಿದುಬಿಡಬೇಡಿ. ನಮ್ಮ ಅಡುಗೆಯಲ್ಲಿ ಅನ್ನ, ಸಾರು, ಕುಕ್ಕರ್ ಎಂದು ಹಬೆ ಜಾಸ್ತಿ. ಬಟ್ಟೆಯೂ ಒಳಗೇ ಒಣಗುತ್ತದೆ. ಆ ತೇವ ಹೊರಗೆ ಹೋಗದಿದ್ದರೆ ಗೋಡೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ, ಮಕ್ಕಳ ಉಸಿರಾಟಕ್ಕೆ ಅದು ಕೆಟ್ಟದ್ದು. ಅಡುಗೆ ಮಾಡುವಾಗ ಫ್ಯಾನ್ ಹಾಕಿ, ಪ್ರತಿ ಕೋಣೆಯಲ್ಲಿ ಒಂದು ಕಿಟಕಿಯಾದರೂ ತೆರೆಯುವಂತಿರಲಿ. ಬೆಂಕಿ ಬಿದ್ದರೆ ಹೊರಬರಲೂ ಅದೇ ದಾರಿ. ಗ್ಯಾಸ್ ಉಪಕರಣಕ್ಕೆಂದು ಗೋಡೆಯಲ್ಲಿ ಬಿಟ್ಟ ಗಾಳಿಕಿಂಡಿಯನ್ನು ಯಾವ ಕಾರಣಕ್ಕೂ ಮುಚ್ಚಕೂಡದು.

ಒಡೆದ ಗಾಜು, ಕೊಳೆತ ಮರ, ಸ್ಯಾಶ್ ಕಿಟಕಿಯ ತುಂಡಾದ ಹಗ್ಗ ಇವುಗಳ ರಿಪೇರಿ ಸಾಮಾನ್ಯವಾಗಿ ಮಾಲೀಕರ ಹೊಣೆ. ಫೋಟೊ ತೆಗೆದು ಇಮೇಲ್‌ನಲ್ಲಿಯೇ ಕೇಳಿ. ವಿನಾಯಿತಿ ಪಡೆದ ಮನೆಗಳನ್ನು ಬಿಟ್ಟರೆ, ಇಂಗ್ಲೆಂಡಿನ ಬಾಡಿಗೆ ಮನೆಗಳಿಗೆ 2020ರಿಂದ ಇಂಧನ ಪ್ರಮಾಣಪತ್ರದಲ್ಲಿ (ಮನೆಯ ಇಂಧನ ಬಳಕೆಗೆ ‘ಎ’ಯಿಂದ ‘ಜಿ’ವರೆಗೆ ದರ್ಜೆ ಕೊಡುವ ಪತ್ರ, ‘ಎ’ ಉತ್ತಮ) ಕನಿಷ್ಠ ‘ಇ’ ದರ್ಜೆ ಇರಲೇಬೇಕು. ನಿಮ್ಮ ಮನೆಯ ದರ್ಜೆಯನ್ನು ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಆ ಇಮೇಲ್ ಕಳಿಸುವ ಮುಂಚೆ ನೋಡಿಕೊಳ್ಳಿ.